ಬೇಬಾಕಿ

ಹುಬ್ಬಳ್ಳಿ ಪಾಲಿಕೆ ಗೇಟಿನ ಎಡಕ್ಕ, ಝೆರಾಕ್ಸ್ ಅಂಗಡಿ ಕಟ್ಟಿ ಮ್ಯಾಲ
ನನ್ನ ಟೈಪರೈಟರ್. ಔತ್ವದ ಕೀಲಿ ಸವದೈತಿ.
ಪೌತಿ, ಗೌಡ, ಕೌಲು, ಏನ ಬಡದ್ರೂ
ಆಮ್ಯಾಲ ಪೆನ್ನಿಲೆ ತಿದ್ದಬೇಕು.

ಗಣೇಶಪೇಟಿ ಮೀನ ಮಾರ್ಕೆಟ್ಟಿಂದ ಎದ್ದು ಬಂದಾಕಿ
ಸೆರಗಿಗೆ ಕೈ ಒರಸಿ ಕೇಳಿದ್ಲು:
"ನದಾಫ ಮಾಮಾ, ಮೇಯರ್ ಆಗಾಕ ಏನೇನ್ ಬೇಕು?"

ನಾ ನಗಲಿಲ್ಲ.
ಪುಟಕ್ಕ ನಲವತ್ತು ರೂಪಾಯಿ; ನಗೂದಕ್ಕ ರೇಟಿಲ್ಲ.

ಇಪ್ಪತ್ತೊಂದು ತುಂಬಿರಬೇಕವ್ವಾ.
"ನನ್ನ ಸಣ್ಣ ಮಗಳಿಗೇ ತುಂಬ್ಯಾವ."
ಮತದಾರರ ಪಟ್ಟ್ಯಾಗ ಹೆಸರಿರಬೇಕು.
"ಐತಿ. ಫಕ್ಕೀರಪ್ಪ ಅಂತ ಐತಿ. ಗಂಡಸು ಅಂತ ಐತಿ."
ಅದನ್ನ ತಿದ್ದಸಾಕ ಒಂದು ಅರ್ಜಿ, ಎರಡು ಫೋಟೋ,
ಹನ್ನೊಂದು ಸರ್ತೆ ಅಡ್ಡಾಟ.
ಮದಲ ವಾರ್ಡ್ ಗೆಲ್ಲಬೇಕು. ಮೇಯರನ್ನ ಊರು ಆರಸೂದಿಲ್ಲ,
ಊರು ಆರಿಸಿದವರು ಆರಸತಾರ.
"ಅಂದ್ರ ಲಗ್ನ ನಮ್ಮದು,
ವರಾ ನೋಡಾಕ ಅವರು ಹೋಗತಾರ?"
ಹಂಗ ತಿಳಕೊ.

ಆಮ್ಯಾಲ ಬೇಬಾಕಿ ಪತ್ರ.
ಮನಿಪಟ್ಟಿ, ನೀರಪಟ್ಟಿ, ಒಂದು ಪೈಸಾ ಉಳಿದಿರಬಾರದು.
ನಳ ಎಂಟು ದಿನಕ್ಕೊಮ್ಮೆ ಬರತಿತ್ತು,
ಪಟ್ಟಿ ಮಾತ್ರ ತಪ್ಪಿದ್ದಿಲ್ಲ.
ಐಸ್ ಡಬ್ಬ್ಯಾಗಿನ ಚಿಲ್ಲರೆ ತಂದು ಸುರುವಿದ್ಲು.
ಕ್ಲಾರ್ಕ್ ಮೂಗಿಗೆ ಕರ್ಚೀಪ್ ಹಿಡಕೊಂಡು ಎಣಿಸಿದ,
ಎರಡು ಸರ್ತೆ ಲೆಕ್ಕ ತಪ್ಪಿದ.
ಸಿಕ್ಕಾ ಬಿದ್ದ ಮ್ಯಾಲೂ ಆಕಿ ಅಲ್ಲೇ ನಿಂತ್ಲು:
"ನನ್ನ ಕಡೆ ಬಾಕಿ ಇಲ್ಲ ಅಂತ ಬರದ್ರಿ.
ನಿಮ್ಮ ಕಡೆ ಎಷ್ಟ ಬಾಕಿ ಐತಿ ಅನ್ನೂ ಕಾಗದ
ಯಾವ ಖಿಡಕ್ಯಾಗ ಕೊಡತಾರ?"
ಖಿಡಕಿ ಮುಚ್ಚಿತು. ಊಟದ ಹೊತ್ತು.

ಪ್ರಮಾಣಪತ್ರ ನಾನ ಬಡದೆ.
ನಾನು, ಫಕ್ಕೀರವ್ವ ಕೋಂ ಯಲ್ಲಪ್ಪ ಬಾರಕೇರ,
ವಯಸ್ಸು ೪೬, ಉದ್ಯೋಗ ವ್ಯಾಪಾರ.
ಚರಾಸ್ತಿ: ತಕ್ಕಡಿ ಒಂದು, ಈಳಗಿ ಎರಡು,
ಬೋರಮಾಳ ಸರ, ಸೊಸೈಟ್ಯಾಗ ಅಡ.
ಸ್ಥಿರಾಸ್ತಿ: ಇಲ್ಲ.
"ಕುಂದ್ರೂ ಕಟ್ಟಿ ಹಿಡೀರಿ ಮಾಮಾ. ಇಪ್ಪತ್ತಾರು ವರ್ಷ
ಅಲ್ಲೇ ಕುಂತೇನಿ. ಅದಕ್ಕಿಂತ ಸ್ಥಿರ ಯಾವುದೈತಿ?"
ಅದು ಪಾಲಿಕೆದವ್ವಾ, ಅಂದೆ.
ಸುಮ್ಮನಾದ್ಲು.

ಅರವತ್ತೊಂದು ಓಟಿಗೆ ವಾರ್ಡ್ ಗೆದ್ಲು.
ಎರಡು ವರ್ಷ ಸಭಾದಾಗ ಕಡೀ ಸಾಲು, ಫ್ಯಾನಿಲ್ಲದ್ದು.
ಒಂದಿನ ಮೀಸಲಾತಿ ಪಟ್ಟಿ ಬಂತು:
ಹಿಂದುಳಿದ ವರ್ಗ ಅ, ಮಹಿಳೆ.
ಇನ್ನೊಂದು ವರ್ಷಕ್ಕ ಇನ್ನೊಂದು ಅಕ್ಷರ; ಕುರ್ಚಿ ಅದೇ.
ಬಸ್ಸು ದಾಂಡೇಲಿ ರೆಸಾರ್ಟಿಗೆ ಹೋದ್ವು.
ಈಕಿನ್ನ ಯಾರೂ ಕರೀಲಿಲ್ಲ.
"ಕರದ್ರೂ ಹೋಗಾಕ ಬರೂದಿಲ್ಲ, ಮೀನ ಕೆಡತಾವ."

ಸೂಚಕ ಒಬ್ಬ ಸಿಕ್ಕ. ಅನುಮೋದಕ ಸಹಿ ಹಾಕಿ
ಪೆನ್ನು ಕಿಸೇದಾಗ ಇಟಗೊಂಡು ಹೋದ. ಪೆನ್ನು ನಂದು.
ಬೆಳಗಾವಿಯಿಂದ ಆಯುಕ್ತರು ಬಂದು ಗಡಿಯಾರ ನೋಡಿದರು:
ನಾಮಪತ್ರ ಹಿಂದ ತಗೊಳ್ಳಾಕ ಐದು ನಿಮಿಷ.
ಆ ಐದು ನಿಮಿಷದಾಗ ಹದಿನಾರು ಮಂದಿ
ಆಕಿನ್ನ ತಂಗಿ ಅಂದರು.
ಆಕಿ ಕುಂತ ಜಾಗಾದಿಂದ ಅಳಗ್ಯಾಡಲಿಲ್ಲ;
ಇಪ್ಪತ್ತಾರು ವರ್ಷದ ರೂಢಿ.

ಆಮ್ಯಾಲ ಕೈ ಎತ್ತೂದು.
ಏಳು. ಅದರಾಗ ಒಂದು ಆಕೀದು.
ಸೂಚಕನ ಕೈ ಭುಜದ ಮಟಾ ಬಂದು ನಿಂತಿತ್ತು;
ಇದನ್ನ ಎಣಿಸಲೇನು, ಅಂತ ಆಯುಕ್ತರು ಕೇಳಿದರಂತ.
ಅಂವ ತಲಿ ಕೆರಕೊಂಡನಂತ.

ಮರುದಿನ ಮುಂಜಾನೆ ಬಂದ್ಲು.
"ಕಾಗದ ಹಚ್ಚರಿ ಮಾಮಾ. ಮಾರ್ಕೆಟ್ಟಿಗೆ ನಳ ಬೇಕು."
ಹಚ್ಚಿದೆ.
ಗೆ,
ಮಾನ್ಯ ಮಹಾಪರರು,

ಆಕಿ ಬಗ್ಗಿ, ಒಂದೊಂದ ಅಕ್ಷರಕ್ಕ ಬೆರಳ ಇಟ್ಟು
ಗಟ್ಟಿಯಾಗಿ ಓದಿದ್ಲು: ಮಹಾ. ಪರರು.
ಖರೇನ ಐತೆವ್ವಾ, ಹಂಗ ಬಿಡಲೇನು, ಅಂದೆ.
"ಬ್ಯಾಡ, ತಿದ್ದರಿ. ಇಲ್ಲಂದ್ರ
ಅದೊಂದ ನೆಪಕ್ಕ ಅರ್ಜಿ ತಿರಗಿ ಬರತೈತಿ."
ಪೆನ್ನು ಹುಡುಕಿದೆ. ಇದ್ದಿದ್ದಿಲ್ಲ.
ಆಕಿ ಕುಬಸದಾಗಿಂದ ತಗದು ಕೊಟ್ಲು.
ಟೊಪ್ಪಿಗಿಗೆ ಒಂದು ಮೀನಿನ ಹುರುಪಿ
ಅಂಟಗೊಂಡಿತ್ತು.